ಒಳಚೀಟಿಯ ಮೇಡಂ

ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಎಡಕ್ಕೆ ಬಾಗಿತ್ತು. ಟೈಪ್ ಮೆಷಿನ್ನಿನ ಕೀಲಿಗಳನ್ನು ಹೊಡೆದೂ ಹೊಡೆದೂ ಹಾಗಾಯಿತೆಂದು ಅವರು ಹೇಳುತ್ತಿದ್ದರು. ಹುಟ್ಟಿನಿಂದಲೇ ಹಾಗಿತ್ತು, ಅದಕ್ಕೇ ಯಾರೂ ಮದುವೆಯಾಗಲಿಲ್ಲವೆಂದು ಅವರ ತಮ್ಮ ಹೇಳುತ್ತಿದ್ದ. ಆ ಬೆರಳಿನಿಂದ ಕಂಪ್ಯೂಟರಿನ ಗಾಜನ್ನು ಟಕ್ ಟಕ್ ಎಂದು ಕುಟ್ಟಿ ನಮ್ಮ ತಪ್ಪು ತೋರಿಸುತ್ತಿದ್ದರು. ಬೆರಳು ಒಂದು ಪದದ ಮೇಲಿದ್ದರೆ ಉಗುರು ಅದರ ಹಿಂದಿನ ಪದವನ್ನು ತೋರಿಸುತ್ತಿತ್ತು. ನಾನು ಉಗುರು ತೋರಿಸಿದ್ದನ್ನು ತಿದ್ದುತ್ತಿದ್ದೆ. ಆಗ ಎರಡು ಸಲ ಬೈಗುಳ: ತಪ್ಪು ಬರೆದದ್ದಕ್ಕೆ ಒಂದು ಸಲ, ಸರಿ ಇದ್ದದ್ದನ್ನು ಕೆಡಿಸಿದ್ದಕ್ಕೆ ಇನ್ನೊಂದು ಸಲ.

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಬೀದಿಯಲ್ಲಿ ಒಂದು ಚಪ್ಪಲಿ ಅಂಗಡಿಯ ಮಹಡಿ ಮೇಲೆ ಅವರ ಆಫೀಸು. ಹಿಂದಿನ ಕೋಣೆಯೇ ಮನೆ. ಒಂದು ಕಾಲಕ್ಕೆ ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಲಿಯುವವರು ನಿಂತುಹೋದಾಗ ಮೆಷಿನ್ನುಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿ, ತಾವೇ ಕೂತು ವೆಬ್‌ಸೈಟ್ ಮಾಡುವುದನ್ನು ಕಲಿತರು. ಸುತ್ತಮುತ್ತಲ ಅಂಗಡಿ, ಮೆಸ್ಸು, ಮದುವೆ ಮಂಟಪಗಳಿಗೆ ಇಂಟರ್‌ನೆಟ್ಟಿನಲ್ಲಿ ಒಂದೊಂದು ಪುಟ ಮಾಡಿಕೊಡುವುದು ಕೆಲಸ. ಹೆಸರಿಗೆ ಮಾತ್ರ ಕೊನೆವರೆಗೂ ಇನ್‌ಸ್ಟಿಟ್ಯೂಟೇ, ಅವರು ಮೇಡಮ್ಮೇ.

ನಾನು ಬೂದಿಕೋಟೆ ಕಡೆಯವಳು. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಹೋಗಿ ಸೊಂಟ ಬಿದ್ದುಹೋಗಿತ್ತು. ಕನ್ನಡ ಬರೆಯಬಲ್ಲವರು ಬೇಕಂತೆ ಎಂದು ಯಾರೋ ಹೇಳಿದರು. ಕನ್ನಡವೇನು ನನಗೆ ಹೊಸದೇ? ನಮ್ಮಜ್ಜಿ ಹುರುಳಿ ಸಾರನ್ನೇ ಮದುವೆ ದಿಬ್ಬಣದ ಹಾಗೆ ವರ್ಣಿಸುತ್ತಿದ್ದವಳು; ಅವಳ ಮಡಿಲಲ್ಲಿ ಬೆಳೆದವಳು ನಾನು. ಮೊದಲ ದಿನ ಒಂದು ಸೀರೆ ಅಂಗಡಿಗೆ ಎರಡು ಸಾಲು ಬರೆಯಲು ಹೇಳಿದರು. ‘ಮೂರು ಲೋಕದಲ್ಲಿ ಸಿಗದ ಸೀರೆಗಳ ಸಿರಿಮನೆ’ ಎಂದು ಬರೆದುಕೊಟ್ಟೆ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಏನಮ್ಮಾ ಬೂದಿಕೋಟೆ, ಮೂರು ಲೋಕಕ್ಕೂ ಓಗಿ ಬಂದ್ಯಾ?”

“ಇಲ್ಲ ಮೇಡಂ.”

“ಎದುರಿನ ಅಂಗಡಿಗಾದ್ರೂ ಓಗಿದ್ಯಾ?”

“ಇಲ್ಲ ಮೇಡಂ.”

“ಅಲ್ಲೂ ಇದೇ ಸೀರೆ ಇದೆ. ಇನ್ನೂ ಕಡಿಮೆಗೆ ಕೊಡ್ತಾರೆ. ಅಳಿಸು.”

ಅವತ್ತಿನಿಂದ ನನ್ನ ಹೆಸರು ಬೂದಿಕೋಟೆ. ಅವರು ನನ್ನ ನಿಜವಾದ ಹೆಸರು ಹಿಡಿದು ಕರೆದದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

ಕೆಲಸ ಕಲಿಸಿದ್ದು ಹೀಗೆ. ಪ್ರತಿ ಪುಟಕ್ಕೂ ಮೂರು ಬರಹ ಇರಬೇಕು. ಮೊದಲನೆಯದು ಟೈಟಲ್: ಅಂಗಡಿಯ ನೆತ್ತಿಯ ಮೇಲಿನ ಬೋರ್ಡು ಇದ್ದ ಹಾಗೆ. ಎರಡನೆಯದು ಡಿಸ್ಕ್ರಿಪ್ಶನ್: ಬಾಗಿಲಲ್ಲಿ ನಿಂತು ‘ಬನ್ನಿ, ಒಳಗೆ ಇಂಥಿಂಥದು ಇದೆ’ ಎಂದು ಕರೆಯುವವನ ಹಾಗೆ. ಜನ ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಕಣ್ಣಿಗೆ ಬೀಳುವುದು ಇವೆರಡು. ಮೂರನೆಯದು ಪುಟದ ಒಳಗಡೆ ಅಡಗಿರುತ್ತದೆ. ಹುಡುಕುವ ಯಂತ್ರ ಓದಲೆಂದು ಬರೆಯುವುದು: ಹೆಸರು, ವಿಳಾಸ, ಫೋನು, ಯಾವ ವಾರ ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ. ಸ್ಟ್ರಕ್ಚರ್ಡ್ ಡೇಟಾ ಎನ್ನುತ್ತಾರಲ್ಲ, ಅದು. ಮೇಡಂ ಅದನ್ನು ಒಳಚೀಟಿ ಎನ್ನುತ್ತಿದ್ದರು.

“ಒಳಚೀಟಿ ಬರೆದ ಮೇಲೆ ಟೈಟಲ್ಲು, ಡಿಸ್ಕ್ರಿಪ್ಶನ್ನು ಯಾಕೆ ಮೇಡಂ? ಯಂತ್ರಕ್ಕೆ ಎಲ್ಲಾ ಗೊತ್ತಾಯ್ತಲ್ಲ?” ಎಂದು ಒಬ್ಬ ಮಂಟಪದ ಮಾಲೀಕ ಕೇಳಿದ್ದ.

“ಆಧಾರ್ ಕಾರ್ಡ್ ಇದೆ ಅಂತ ನೀನು ಮುಖಕ್ಕೆ ಚೀಲ ಆಕ್ಕೊಂಡು ಓಡಾಡ್ತೀಯಾ?” ಎಂದರು. ಅವನ ಮುಖವನ್ನು ಇನ್ನೊಂದು ಸಲ ನೋಡಿ, “ಆಕ್ಕೊಂಡ್ರೂ ನಷ್ಟ ಇಲ್ಲ ಬಿಡು” ಎಂದೂ ಸೇರಿಸಿದರು. ಅವನು ನಗಬೇಕೋ ಎದ್ದುಹೋಗಬೇಕೋ ತಿಳಿಯದೆ ಕಾಫಿ ಕುಡಿದ.

ಮೂರೂ ಒಂದೇ ಮಾತು ಹೇಳಬೇಕು, ಅದು ಅವರ ಹಟ. ಬೋರ್ಡಿನಲ್ಲಿ ಒಂದು, ಒಳಚೀಟಿಯಲ್ಲಿ ಇನ್ನೊಂದು ಇರಕೂಡದು. ಜನರ ಕಣ್ಣಿಗೆ ಕಾಣದ್ದನ್ನು ಯಂತ್ರದ ಕಿವಿಯಲ್ಲಿ ಉಸುರಕೂಡದು. ನಾನು ಯಾವುದಾದರೂ ಅಂಗಡಿಯ ಹೊತ್ತನ್ನು ಅಂದಾಜಿನಲ್ಲಿ ಬರೆದರೆ ಬೆರಳು ಗಾಜಿಗೆ ಬೀಳುತ್ತಿತ್ತು. “ಗೊತ್ತಿದ್ರೆ ಬರಿ. ಗೊತ್ತಿಲ್ದಿದ್ರೆ ಆ ಸಾಲೇ ತೆಗಿ. ಬಹುಶಃ ಅನ್ನೋಕೆ ಇಲ್ಲಿ ಜಾಗ ಇಲ್ಲ.”

ಈ ಹಟ ಎಷ್ಟು ಕಟುಕತನಕ್ಕೆ ಹೋಗುತ್ತಿತ್ತು ಎನ್ನುವುದನ್ನು ನಾನು ಬಂಗಾರಪೇಟೆಯಲ್ಲಿ ನೋಡಿದೆ. ಸ್ಟೇಷನ್ ಪಕ್ಕ ಒಬ್ಬ ಹೆಂಗಸು ಇಡ್ಲಿ ಅಂಗಡಿ ಇಟ್ಟಿದ್ದಳು. ಬೆಳಗಿನ ರೈಲು ಹಿಡಿಯುವವರು ಮನೆಯಿಂದ ಹೊರಡುವಾಗಲೇ ಮೊಬೈಲಿನಲ್ಲಿ ಅವಳ ಪುಟ ನೋಡಿ ಪಾರ್ಸಲ್ ಹೇಳುತ್ತಿದ್ದರು. ಆ ಪುಟ ನಮ್ಮದೇ. ಒಂದು ಮಧ್ಯಾಹ್ನ ಅವಳ ಗಂಡ ಕುಸಿದು ಬಿದ್ದು ತೀರಿಕೊಂಡ. ಮೇಡಂ ಹೂವಿನ ಹಾರ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಹಾರ ಹಾಕಿದರು, ಕೈ ಮುಗಿದರು. ಆಮೇಲೆ ಹೆಣದ ತಲೆಯ ಬಳಿ ಕೂತಿದ್ದ ಅವಳ ಕಡೆ ಬಗ್ಗಿ ಕೇಳಿದರು:

“ನಾಳೆ ಬೆಳಿಗ್ಗೆ ಅಂಗಡಿ ತೆಗೀತೀಯೋ, ಇಲ್ವೋ?”

ಸುತ್ತ ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ಮೇಡಮ್ಮನ್ನು ದುರುಗುಟ್ಟಿ ನೋಡಿದರು. ಅವಳು ತಲೆಯೆತ್ತಿ, “ನಂಗೇನೂ ಗೊತ್ತಿಲ್ಲ ಮೇಡಂ” ಎಂದಳು.

“ಗೊತ್ತಿಲ್ಲ ಅನ್ನೋದನ್ನ ಬರೆಯೋಕೆ ಆಗಲ್ಲ. ತೆಗಿಯೋ ದಿನ ಗೊತ್ತಿಲ್ದಿದ್ರೆ ಮುಚ್ಚಿದೆ ಅಂತ ಆಕ್ತೀನಿ. ಬೂದಿಕೋಟೆ, ಆಕು.”

ನಾನು ಅಲ್ಲೇ, ಊದುಬತ್ತಿಯ ಹೊಗೆಯಲ್ಲಿ, ಮೊಬೈಲು ತೆಗೆದು ಹಾಕಿದೆ. ಒಬ್ಬ ಮುದುಕಿ ನಮ್ಮಿಬ್ಬರಿಗೂ ಕೇಳುವ ಹಾಗೆ ತೆಲುಗಿನಲ್ಲಿ ಶಾಪ ಹಾಕಿದಳು.

ವಾಪಸ್ ಬರುವ ಬಸ್ಸಿನಲ್ಲಿ ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: “ಚಿನ್ನದ ಗಣಿ ನಿಂತ ಮೇಲೆ ಗೇಟ್ ಅತ್ರ ಇದ್ದ ಶಿಫ್ಟ್ ಬೋರ್ಡನ್ನ ಯಾರೂ ಇಳಿಸ್ಲಿಲ್ಲ. ಮೊದಲ ಶಿಫ್ಟ್ ಇಷ್ಟೊತ್ತಿಗೆ, ಎರಡನೇದು ಇಷ್ಟೊತ್ತಿಗೆ ಅಂತ ಅಂಗೇ ಇತ್ತು. ನಮ್ಮಪ್ಪ ದಿನಾ ಡಬ್ಬಿ ಕಟ್ಟಿಸ್ಕೊಂಡು ಓಗಿ ಅದನ್ನ ನೋಡ್ಕೊಂಡು ನಿಂತ್ಕೊಳ್ಳೋರು. ಬೋರ್ಡ್ ಇದೆಯಲ್ಲ ಮಗಾ, ಇವತ್ತಲ್ಲ ನಾಳೆ ಕರೀತಾರೆ ಅನ್ನೋರು. ಗೇಟ್ ಮುಂದೆ ನಾಯಿ ಕಾದಂಗೆ ಕಾದ್ರು. ಸಾಯೋವರೆಗೂ.” ನಾನು ಏನಾದರೂ ಹೇಳುವ ಮೊದಲೇ, “ಕಣ್ಣು ಒರೆಸ್ಕೋ. ಬಸ್ಸಲ್ಲಿ ಯಾರಾದ್ರೂ ನಾನು ಒಡೆದೆ ಅಂದ್ಕೊಂಡಾರು” ಎಂದರು.

ಇಡ್ಲಿ ಅಂಗಡಿಯವಳು ಹನ್ನೊಂದನೇ ದಿನದ ಕರ್ಮ ಮುಗಿಸಿದ ಮೇಲೆ ಮೇಡಂ ಬಳಿಗೆ ಬರಲಿಲ್ಲ. ಬಂಗಾರಪೇಟೆಯಲ್ಲೇ ಇಂಥದೇ ಆಫೀಸು ಇಟ್ಟಿದ್ದ ಅವರ ತಮ್ಮನ ಬಳಿಗೆ ಹೋದಳು. ಅವನು ಸಾವಿನ ಮನೆಯಲ್ಲಿ ಅತ್ತವನು. ಅಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅವಳ ಪುಟದ ಒಳಚೀಟಿಯಲ್ಲಿ ಅವನು ಐದಕ್ಕೆ ಐದು ನಕ್ಷತ್ರ, ನೂರಾರು ಜನ ಮೆಚ್ಚಿದ್ದಾರೆ ಎಂದು ತುರುಕಿದ. ಪುಟದಲ್ಲಿ ಹುಡುಕಿದರೆ ಮೆಚ್ಚಿದ ಒಬ್ಬನ ಮಾತೂ ಇರಲಿಲ್ಲ. ಆದರೂ ಹುಡುಕಿದವರಿಗೆ ಹಳದಿ ನಕ್ಷತ್ರಗಳು ಮಿನುಗುತ್ತಿದ್ದವು. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಆ ಮಿನುಗಿನ ಕಡೆಗೆ ಜಾರಿದರು.

ಒಂದು ದಿನ ಅವನೇ ಮೆಟ್ಟಿಲು ಹತ್ತಿ ಬಂದ. “ಏನಕ್ಕಾ, ನೀನು ಮಾಡೋ ಪೇಜುಗಳೂ ನಿನ್ನಂಗೇ ಅವೆ. ಬೋಳು ಹಣೆ, ಬೋಳು ಕತ್ತು. ಒಂದೆರಡು ಸ್ಟಾರ್ ಇಡಬಾರ್ದಾ?”

“ನಿನ್ನ ಪೇಜುಗಳೂ ನಿನ್ನಂಗೇ ಅವೆ ಕಣ್ಲಾ” ಎಂದರು ಮೇಡಂ, ತಲೆಯೆತ್ತದೆ. “ಒಳಗೆ ಓದ್ರೆ ಏನೂ ಇಲ್ಲ.”

ಕೆಲವು ತಿಂಗಳಾದ ಮೇಲೆ ಹುಡುಕುವ ಯಂತ್ರ ಅದನ್ನು ಹಿಡಿಯಿತು. ತಮ್ಮನ ಪುಟಗಳ ನಕ್ಷತ್ರಗಳೆಲ್ಲ ಒಂದೇ ದಿನದಲ್ಲಿ ಉದುರಿದವು. ಮೇಡಂ ಅವತ್ತು ಮೈಸೂರುಪಾಕು ತರಿಸಿ, ಕೆಳಗಿನ ಚಪ್ಪಲಿ ಅಂಗಡಿಯವರಿಗೂ ಹಂಚಿ, ಒಂದು ಡಬ್ಬಿ ಕಟ್ಟಿಸಿ ತಮ್ಮನಿಗೂ ಕಳಿಸಿದರು. ಮಂಟಪದ ಮಾಲೀಕ ತಲೆ ತಗ್ಗಿಸಿ ವಾಪಸ್ ಬಂದಾಗ, “ನಕ್ಷತ್ರ ಎಣಿಸೋ ಕೆಲಸ ಮುಗೀತಾ?” ಎಂದು ಕೇಳಿ ಬಾಗಿಲು ಹಾಕಿಕೊಂಡರು. ಕೆಲಸ ಇಲ್ಲದೆ ಕೂತಿದ್ದೆವು, ಆದರೂ ಬಾಗಿಲು ಹಾಕಿಕೊಂಡರು. ಅಂಥ ಹೆಂಗಸು.

ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಕೋಲಾರದ ಡಾಕ್ಟರು ಮೆತ್ತಗೆ, “ನೋಡೋಣ, ಬಹುಶಃ...” ಎಂದು ಶುರು ಮಾಡಿದರು. “ಬಹುಶಃ ಬೇಡ. ಎಷ್ಟು ತಿಂಗಳು ಅಂತ ಏಳಿ” ಎಂದರು ಮೇಡಂ. ಡಾಕ್ಟರು ಹೇಳಿದರು. ಮೇಡಂ ಥ್ಯಾಂಕ್ಸ್ ಹೇಳಿ ಎದ್ದರು.

ಹಾಸಿಗೆ ಹಿಡಿದ ಮೇಲೆ ತಮ್ಮ ದಿನಾ ಬರತೊಡಗಿದ. ಒಂದು ದಿನ ಹಿಂದಿನ ಕೋಣೆಯ ಬಾಗಿಲಲ್ಲೇ ನಿಂತು ನನಗೆ ಹೇಳಿದ: “ಅಕ್ಕ ಓದ್ಮೇಲೂ ನೀನೇ ಇಲ್ಲಿ ಕೂತ್ಕೊಳ್ಳಮ್ಮ. ನಾನು ಸಂಬಳ ಜಾಸ್ತಿ ಮಾಡ್ತೀನಿ. ಅಕ್ಕನ ಎಸ್ರು, ಅಕ್ಕನ ಪೇಜು ಅಂಗೇ ಇರ್ಲಿ, ಜನಕ್ಕೆ ನಂಬಿಕೆ. ಫೋನ್ ಬಂದ್ರೆ ಮೇಡಂ ಒರಗಡೆ ಓಗವ್ರೆ ಅನ್ನು, ಸಾಕು.”

ಒಳಗಿನಿಂದ ಕ್ಷೀಣವಾಗಿ ದನಿ ಬಂತು. “ವಾಪಸ್ ಯಾವಾಗ ಬತ್ತಾರೆ ಅಂತ ಕೇಳಿದ್ರೆ ಏನಂತೀಯೋ?”

ಅವನು ಮೆಟ್ಟಿಲಿಳಿದ. ಮೇಡಂ ನನ್ನನ್ನು ಹತ್ತಿರ ಕರೆದರು. ಇನ್‌ಸ್ಟಿಟ್ಯೂಟಿನ ಪುಟದ ಒಳಚೀಟಿಯನ್ನು ತೆರೆಸಿದರು. ಅದರಲ್ಲಿ ಸಂಸ್ಥೆ ಶುರುವಾದ ದಿನಕ್ಕೆ ಒಂದು ಸಾಲು ಇರುತ್ತದೆ, ಬೇಕಾದರೆ ಮುಗಿದ ದಿನಕ್ಕೂ ಒಂದು ಸಾಲು ಸೇರಿಸಬಹುದು. ಆ ಎರಡನೇ ಸಾಲನ್ನು ನನ್ನ ಕೈಯಲ್ಲೇ ಬರೆಸಿ, ತಾರೀಖಿನ ಜಾಗ ಖಾಲಿ ಬಿಡಿಸಿದರು. ಖಾಲಿ ಬಿಡುವುದು ಅವರ ನಿಯಮಕ್ಕೇ ವಿರುದ್ಧ.

“ಇದನ್ನ ಅವತ್ತೇ ತುಂಬಿಸ್ಬೇಕು. ನಾಳೆ ಅಲ್ಲ, ತಿಥಿ ಆದ್ಮೇಲಲ್ಲ. ಬೋರ್ಡೂ, ಡಿಸ್ಕ್ರಿಪ್ಶನ್ನೂ, ಇದೂ, ಮೂರೂ ಒಂದೇ ಮಾತು ಏಳ್ಬೇಕು. ನನ್ನ ನಂಬ್ಕೊಂಡು ಯಾರೂ ಮೆಟ್ಟಿಲತ್ತಿ ಬಂದು ಬೀಗ ನೋಡ್ಬಾರ್ದು. ಆಗುತ್ತಾ?”

“ಆಗುತ್ತೆ ಮೇಡಂ” ಎಂದೆ. ಆಗ ನನ್ನ ಹೆಸರು ಹಿಡಿದು ಕರೆದರು. “ನಿನ್ನ ಕೆಲಸ ಓಗುತ್ತೆ” ಎಂದರು.

ಅವರು ಹೋದದ್ದು ಒಂದು ಮುಂಜಾನೆ. ದೇಹವನ್ನು ಆಫೀಸಿನ ಹಾಲಿನಲ್ಲೇ ಮಲಗಿಸಿದರು, ಟೈಪಿಂಗ್ ಬೆಂಚುಗಳು ಇದ್ದ ಜಾಗದಲ್ಲಿ. ಕಂಪ್ಯೂಟರಿನ ಮೇಜನ್ನು ಗೋಡೆಗೆ ತಳ್ಳಿದ್ದರು. ಜನ ಬರುತ್ತಿದ್ದರು, ತಮ್ಮನಾದವನು ಎದೆ ಬಡಿದುಕೊಂಡು ಅಳುತ್ತಿದ್ದ. ನಾನು ಮೇಜಿನ ಮುಂದೆ ಕೂತೆ, ಹೆಣಕ್ಕೆ ಬೆನ್ನು ಹಾಕಿ. ಟೈಟಲ್ಲಿನಲ್ಲಿ ‘ಶಾಶ್ವತವಾಗಿ ಮುಚ್ಚಿದೆ’ ಎಂದು ಬರೆದೆ. ಡಿಸ್ಕ್ರಿಪ್ಶನ್ನಿನಲ್ಲಿ, ‘ಇದನ್ನು ನಡೆಸುತ್ತಿದ್ದವರು ತೀರಿಕೊಂಡಿದ್ದಾರೆ. ಬೇರೆ ಶಾಖೆ ಇಲ್ಲ.’ ಒಳಚೀಟಿಯಲ್ಲಿ ವಾರದ ಏಳೂ ದಿನಗಳ ಹೊತ್ತನ್ನು ಅಳಿಸಿದೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವತ್ತಿನ ತಾರೀಖು ತುಂಬಿದೆ.

ತಮ್ಮನ ಅಳು ನನ್ನ ಬೆನ್ನ ಹಿಂದೆ ನಿಂತಿತು. ಗಾಜನ್ನು ನೋಡಿದ್ದ. “ಎಣ ಇನ್ನೂ ಎತ್ತಿಲ್ಲ, ಅಂಗಡಿ ಮುಚ್ಚಿಬಿಟ್ಯಲ್ಲೇ ಪಾಪಿ! ಅನ್ನ ಆಕಿದ ಕೈ ಇನ್ನೂ ಬೆಚ್ಚಗೈತೆ!” ಎಂದು ಕೂಗಿ ನನ್ನ ತೋಳು ಹಿಡಿದು ಎಬ್ಬಿಸಿದ. ಬೆಚ್ಚಗಿರಲಿಲ್ಲ. ನಾನೇ ಮುಟ್ಟಿ ನೋಡಿದ್ದೆ. ಸುತ್ತಲಿದ್ದವರು ನನ್ನನ್ನು ನೋಡಿದ ನೋಟ ನನಗೆ ಗುರುತಿತ್ತು. ಇಡ್ಲಿ ಅಂಗಡಿಯವಳ ಮನೆಯಲ್ಲಿ ಮೇಡಮ್ಮನ್ನು ನೋಡಿದ್ದು ಅದೇ ನೋಟ.

ಅವಳೂ ಅಲ್ಲಿಗೆ ಬಂದಿದ್ದಳು. ಗೋಡೆಗೆ ಒರಗಿ ನಿಂತಿದ್ದವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ನನ್ನ ಗಂಡನ ಎಣದ ಮುಂದೆ ಇವಮ್ಮ ಕೇಳಿದ್ಲು. ಇವತ್ತು ಇವಮ್ಮನ ಎಣದ ಮುಂದೆ ಇವಳು ಮಾಡಿದ್ಲು. ಸರಿಯಾಯ್ತು.” ಅವಳ ಮುಖದಲ್ಲಿ ನಗುವಿತ್ತು. ಅದು ನನ್ನ ಪರವಾದ ನಗುವೆಂದು ನಾನು ಅಂದುಕೊಳ್ಳಲಿಲ್ಲ.

ಮೆಟ್ಟಿಲಿಳಿದು ಬಂದೆ. ಮಣ್ಣಿಗೂ ನನ್ನನ್ನು ಸೇರಿಸಲಿಲ್ಲ.

ಈಗ ಅದೇ ಮಹಡಿಯಲ್ಲಿ ತಮ್ಮನ ಆಫೀಸು ಇದೆ. ಮೇಡಂ ಫೋಟೋ ಹಾಕಿ, ಅವರ ಹೆಸರಿಗೆ ತನ್ನ ಹೆಸರು ಅಂಟಿಸಿ ಹೊಸ ಪುಟ ಮಾಡಿಕೊಂಡಿದ್ದಾನೆ. ಹುಡುಕಿದರೆ ಮೊದಲು ಬರುವುದು ಅದೇ. ಹಳೆಯದು ಅದರ ಕೆಳಗೆ ಬರುತ್ತದೆ, ಮುಚ್ಚಿದೆ ಎಂದು ಹೇಳುತ್ತಾ. ಕೆಳಗಿನವರೆಗೆ ಓದುವವರು ಕಡಿಮೆ.

ನಾನು ಬಂಗಾರಪೇಟೆಯಲ್ಲಿ ಮನೆ ಮಾಡಿಕೊಂಡು, ಅಲ್ಲೇ ಒಂದು ಹಳೇ ಕಂಪ್ಯೂಟರಿನಲ್ಲಿ ನಾಲ್ಕಾರು ಅಂಗಡಿಗಳ ಪುಟ ನೋಡಿಕೊಳ್ಳುತ್ತೇನೆ. ಮೊನ್ನೆ ಇಡ್ಲಿ ಅಂಗಡಿಯವಳು ಬಾಗಿಲಿಗೆ ಬಂದಳು. ಇಳಿದುಹೋಗಿದ್ದಳು, ರವಿಕೆಯ ತೋಳುಗಳು ಜೋಲುತ್ತಿದ್ದವು. “ನನ್ನ ಪೇಜು ಇನ್ಮೇಲೆ ನೀನೇ ನೋಡ್ಕೋ. ನಾಳೆ ಬೆಂಗಳೂರಿಗೆ ಓಗ್ತಾ ಇವ್ನಿ, ಆಪರೇಷನ್ನಿಗೆ. ಮುಚ್ಚಿದೆ ಅಂತ ಆಕು. ನಿಮ್ಮ ಮೇಡಂ ತಮ್ಮನಿಗೆ ಏಳಿದ್ರೆ, ಮುಚ್ಚಿದೆ ಅಂದ್ರೆ ಗಿರಾಕಿ ಓಯ್ತಾರೆ, ತೆಗ್ದಿದೆ ಅಂತ್ಲೇ ಇರ್ಲಿ ಅಂತಾನೆ” ಎಂದಳು.

ಕೂರಿಸಿ, ಪುಟ ತೆರೆದೆ. ಮೊದಲು ಒಳಚೀಟಿಯಲ್ಲಿ ಇನ್ನೂ ಉಳಿದಿದ್ದ ಅವಳ ನಕ್ಷತ್ರಗಳ ಸಾಲನ್ನು ಅಳಿಸಿದೆ. ಮುಚ್ಚುವ ದಿನ ಬರೆದೆ. ಮುಂದಿನ ಸಾಲು, ಮತ್ತೆ ತೆಗೆಯುವ ದಿನದ್ದು. ನನ್ನ ಕೈ ನಿಂತಿತು. ನಮ್ಮಜ್ಜಿ ಇಂಥ ಹೊತ್ತಿಗೆಂದೇ ಎಷ್ಟು ಮಾತು ಕಲಿಸಿದ್ದಳು! ಏನೂ ಆಗಲ್ಲ ಕಣಮ್ಮಾ, ದೇವರಿದ್ದಾನೆ, ಗುಂಡುಕಲ್ಲಿನ ಹಾಗೆ ಬರುತ್ತೀಯ. ಎಲ್ಲವೂ ನಾಲಿಗೆಯ ತುದಿಗೆ ಬಂದವು.

“ಏನು ಸುಮ್ಕಾದೆ? ನಿಮ್ಮ ಮೇಡಂ ಆಗಿದ್ರೆ ಇಷ್ಟೊತ್ತಿಗೆ ಕೇಳ್ಬಿಡೋಳು” ಎಂದಳು ಅವಳು. “ಕೇಳು.”

“ತೆಗೀತೀಯೋ, ಇಲ್ವೋ?” ಎಂದು ಕೇಳಿದೆ.

ಅವಳು ತನ್ನ ಅಂಗೈ ನೋಡಿಕೊಂಡಳು. “ಗೊತ್ತಿಲ್ಲ” ಎಂದಳು.

ನಾನು ಆ ಸಾಲೇ ತೆಗೆದೆ.