ತಂಗಿಯ ನೆಟ್ಟನೆಯ ಬೆನ್ನು

ರಾಚವ್ವನ ಬೆನ್ನು ಗೂನಾದದ್ದು ಹತ್ತು ವರ್ಷದವಳಿದ್ದಾಗ. ಬೆನ್ನೆಲುಬಿಗೆ ಕ್ಷಯ ತಗುಲಿತ್ತು. ಆಗಿನ ಡಾಕ್ಟರರು ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ, ಬಬಲೇಶ್ವರದ ಮನೆಯಲ್ಲೇ ಮಲಗಿಸಿರಿ ಎಂದಿದ್ದರು. ಎರಡು ಸುಗ್ಗಿ ಮಲಗಿ ಎದ್ದಾಗ ಜೀವ ಉಳಿದಿತ್ತು, ಬೆನ್ನು ಬಾಗಿದಂತೆಯೇ ಗಟ್ಟಿಯಾಗಿಬಿಟ್ಟಿತ್ತು. ಅವಳ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಸೋದರತ್ತೆ ಖಾನಾವಳಿ ನಡೆಸುತ್ತಿದ್ದಳು. ಅಲ್ಲಿ ರೊಟ್ಟಿ ಬಡಿಯಲು ಹೋದವಳು ಅತ್ತೆ ತೀರಿದ ಮೇಲೆ ತಾನೇ ಒಡತಿಯಾದಳು. ರೇಲ್ವೆಯವರು, ಅಡತಿ ಅಂಗಡಿಯವರು ಅವಳ ಎಣ್ಣೆಗಾಯಿ ಪಲ್ಯಕ್ಕೆ ಕಾದು ಕೂರುತ್ತಿದ್ದರು.

೧೯೬೩ರಲ್ಲಿ ತಂಗಿ ಗುರುಬಸವ್ವ ಊರಿಂದ ಬಂದಳು. ಅಕ್ಕನಿಗಿಂತ ಬಹಳ ಚಿಕ್ಕವಳು, ಮದುವೆಯ ವಯಸ್ಸಿಗೆ ಬಂದ ಹುಡುಗಿ. ಕೆಳಗೆ ಬಿದ್ದ ಸೌಟನ್ನು ಬಗ್ಗಿ ಎತ್ತದೆ, ಬೆನ್ನನ್ನು ಕಟ್ಟಿಗೆಯಂತೆ ಹಿಡಿದು ಮೆಲ್ಲಗೆ ಕುಕ್ಕರಿಸಿ ಎತ್ತಿದಳು. ಕ್ಷಯ ತಗುಲಿದ ಹೊಸತರಲ್ಲಿ ರಾಚವ್ವನೂ ಹಾಗೆಯೇ ಕುಕ್ಕರಿಸುತ್ತಿದ್ದಳು. ಕುಪ್ಪಸ ಸರಿಸಿ ಬೆರಳಾಡಿಸಿದರೆ ನಡುಬೆನ್ನಿನಲ್ಲಿ ಎಲುಬಿನ ಒಂದು ಮಣಿ ಉಬ್ಬಿತ್ತು.

ರಾಚವ್ವ ಅತ್ತಳು. ಆದರೆ ಅಳುವಾಗಲೇ ಮನಸ್ಸಿನಲ್ಲಿ ಇನ್ನೊಂದು ಸುಳಿಯಿತು: ಇನ್ನು ಗೂನಿ ಎನ್ನಿಸಿಕೊಳ್ಳಲು ತಾನೊಬ್ಬಳೇ ಅಲ್ಲ.

ಹುಡುಗಿಯ ಕಾಲುಗಳು ಬೇಗನೆ ಸೋತವು. ಅಪ್ಪ ಗುರಲಿಂಗಪ್ಪ ತಿಕೋಟ, ಅಥಣಿ ದಾಟುವ ಬಸ್ಸಿನಲ್ಲಿ ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ದ. ಆರೈಕೆಗೆಂದು ರಾಚವ್ವನೂ ಹೋದಳು. ಕೀವು ಬೆನ್ನುಹುರಿಯನ್ನು ಒತ್ತುತ್ತಿದೆ ಎಂದರು ಡಾಕ್ಟರು. ಎದೆಯ ಪಕ್ಕದಿಂದ ಒಳಹೋಗಿ ಕೆಟ್ಟ ಎಲುಬನ್ನೆಲ್ಲ ತೆಗೆದು, ಅವಳದೇ ಪಕ್ಕೆಲುಬಿನ ತುಂಡನ್ನು ಅಲ್ಲಿ ಊರುಗೋಲಿನಂತೆ ನಿಲ್ಲಿಸುತ್ತೇವೆ, ಹೊರದೇಶದಲ್ಲಿ ಇತ್ತೀಚೆಗೆ ಕಂಡುಕೊಂಡ ರೀತಿ ಇದು, ಜೊತೆಗೆ ಕ್ಷಯಕ್ಕೆ ಈಗ ಸೂಜಿ-ಗುಳಿಗೆಗಳೂ ಇವೆ ಎಂದು ತಿಳಿಸಿ ಹೇಳಿದರು.

ಕೆಲವು ತಿಂಗಳಲ್ಲಿ ಗುರುಬಸವ್ವ ದವಾಖಾನೆಯ ಪಡಸಾಲೆಯಲ್ಲಿ ನೆಟ್ಟಗೆ ನಡೆದಳು. ಗುರಲಿಂಗಪ್ಪ ಸಿಕ್ಕವರಿಗೆಲ್ಲ ಕೈಮುಗಿದ. ರಾಚವ್ವ ಡಾಕ್ಟರನ್ನು ಹುಡುಕಿಕೊಂಡು ಹೋದಳು.

"ನಂದೂ ಹಿಂಗ ಮಾಡ್ರಿ, ಸಾಹೇಬ್ರ."

ಅವರು ಎಕ್ಸ್‌ರೇ ತೆಗೆಸಿ ಬಹಳ ಹೊತ್ತು ನೋಡಿದರು. "ನೋಡ್ರಿ ಅಕ್ಕಾರ, ನಿಮ್ಮ ಎಲುಬು ಕೂಡಿ ಒಂದಾಗ್ಯಾವ. ಈಗ ಮುರದು ನೆಟ್ಟಗ ಮಾಡಾಕ ಹೋದ್ರ ಕಾಲು ಹೋಗ್ತಾವ."

"ನಾ ಸಣ್ಣಾಕಿದ್ದಾಗ ಇಲ್ಲಿ ಬಂದಿದ್ರ?"

"ಆಗ ಇದು ಯಾರಿಗೂ ಗೊತ್ತಿರ್ಲಿಲ್ಲ."

ಅಪ್ಪ ಅಸಡ್ಡೆ ಮಾಡಿದ್ದರೆ ಅವನನ್ನಾದರೂ ಬೈಯಬಹುದಿತ್ತು. ಬೈಯಲು ಯಾರೂ ಸಿಗದೆ ಅವಳ ಸಂಕಟವೆಲ್ಲ ತಂಗಿಯ ಕಡೆಗೆ ತಿರುಗಿತು. ಊರ ಹೆಂಗಸರು ಗುರುಬಸವ್ವನ ಬೆನ್ನು ಸವರಿ ಬೆರಗಾಗುತ್ತಿದ್ದರೆ ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ತಿಕೋಟದ ಹೊಳೆವ್ವ ತನ್ನ ಮಗನಿಗೆ ಗುರುಬಸವ್ವನನ್ನು ತಂದುಕೊಳ್ಳಬೇಕೆಂದಿದ್ದಳು. ಪೇಟೆಗೆ ಬಂದಾಗ ಖಾನಾವಳಿಯಲ್ಲಿ ಉಣ್ಣುತ್ತ ಕೇಳಿದಳು: "ನಿನ್ನ ತಂಗಿ ಪೂರಾ ಆರಾಮ ಆಗ್ಯಾಳೇನ ಬೇ?"

"ಈಗೇನೋ ಆಗ್ಯಾಳ್ರಿ. ಮುಂದ ನನ್ನಂಗ ಬಾಗ್ತಾಳಂತ. ಹಡಿಯೂದಂತೂ ಆಗೂದಿಲ್ಲಂತ."

ಹೊಳೆವ್ವ ಅವಳ ಗೂನನ್ನೊಮ್ಮೆ ನೋಡಿ ನಂಬಿದಳು. ಸಂಬಂಧ ಮುರಿಯಿತು. ಸುದ್ದಿ ಬಂದ ದಿನ ರಾಚವ್ವ ಗಿರಾಕಿಗಳೊಡನೆ ನಕ್ಕು ಮಾತಾಡಿದಳು. ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ.

ವಾರದೊಳಗೆ ಗುರುಬಸವ್ವ ಬಂದಳು. ಜಗಳಕ್ಕೆ ಬಂದಿರಬೇಕೆಂದು ರಾಚವ್ವ ಸೆರಗು ಬಿಗಿದು ನಿಂತಳು. ತಂಗಿ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಅಕ್ಕಾ, ನಿನಗ ಡಾಕ್ಟರು ಹಂಗ ಹೇಳ್ಯಾರೇನ? ನಾ ಮತ್ತ ಬಾಗ್ತೇನಿ?"

ಅವಳು ಅಕ್ಕನ ಮಾತನ್ನು ಪೂರ್ತಿ ನಂಬಿದ್ದಳು. ರಾಚವ್ವ ಬಿಗಿದಿದ್ದ ಸೆರಗನ್ನು ಸಡಿಲಿಸಿದಳು.

"ಯಾರೂ ಹೇಳಿಲ್ಲ. ನಾನ ಸುಳ್ಳ ಹೇಳೇನಿ. ನಿನ್ನ ಬೆನ್ನ ನೋಡಾಕ ಆಗಲಿಲ್ಲ ನನಗ."

ಗುರುಬಸವ್ವ ಹಾಗೇ ತಿರುಗಿ ಊರಿನ ಬಸ್ಸು ಹಿಡಿದಳು. ರಾಚವ್ವ ತಿಕೋಟಕ್ಕೆ ಹೋಗಿ, ಹೊಳೆವ್ವನ ಅಂಗಳದಲ್ಲೇ ತಾನು ಹೇಳಿದ್ದು ಸುಳ್ಳೆಂದು ಒಪ್ಪಿ, ಬೈಸಿಕೊಂಡು ಬಂದಳು. ಅಷ್ಟರಲ್ಲಿ ಆ ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿತ್ತು.

ಮುಂದೆ ಗುರುಬಸವ್ವ ತೊರವಿಯ ಖಂಡಪ್ಪನನ್ನು ಮದುವೆಯಾದಳು. ಅವ್ವ ತೀರಿಹೋಗಿದ್ದರಿಂದ ಬಾಣಂತನಕ್ಕೆ ಅಕ್ಕನನ್ನೇ ಕರೆಸಿದಳು. ಒಂದು ಮುಂಜಾನೆ ರಾಚವ್ವ ಅವಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕೆಯ ಉದ್ದನೆಯ ಗಾಯದ ಗುರುತಿನ ಮೇಲೆ ಕೈ ನಿಂತಿತು.

"ಇನ್ನೂ ಹೊಟ್ಟಿಕಿಚ್ಚ ಐತೇನ ಅಕ್ಕಾ?"

"ಐತಿ."

"ಇರ್ಲಿ ಬಿಡು. ಕೂಸು ಎದ್ದಂಗಾತು, ನೋಡು."

ರಾಚವ್ವ ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ತೊಟ್ಟಿಲ ಕಡೆಗೆ ಹೋದಳು.