ಅರದ ಮೇಷ್ಟ್ರ ಆನ್‌ಲೈನ್ ತರಗತಿ

ನಮ್ಮಪ್ಪನಿಗೆ ಕಬ್ಬಿಣ ಅರ್ಥವಾದಷ್ಟು ಮನುಷ್ಯರು ಅರ್ಥವಾಗುವುದಿಲ್ಲ ಎಂದು ಅಮ್ಮ ಆಗಾಗ ಹೇಳುತ್ತಾಳೆ. ಅದು ಬೈಗುಳವೋ ಹೊಗಳಿಕೆಯೋ ಎಂದು ಅಪ್ಪ ಈವರೆಗೆ ವಿಚಾರಿಸಿಲ್ಲ. ತಾಂತ್ರಿಕ ತರಬೇತಿ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಅವನು ಫಿಟ್ಟರ್ ಮೇಷ್ಟ್ರು. ಕಲಿಯಲು ಬಂದವರ ಕೈಗೆ ಮೊದಲ ದಿನವೇ ಒಂದು ಅರ, ಒಂದು ಕಬ್ಬಿಣದ ತುಂಡು ಕೊಟ್ಟು, ಇದನ್ನು ಮಟ್ಟಸವಾಗಿ ಉಜ್ಜಿ ತನ್ನಿ ಅನ್ನುತ್ತಾನೆ. ಎರಡು ತಿಂಗಳು ಅದೇ ಕೆಲಸ. ಹಾಗೆ ಉಜ್ಜಿದ ತುಂಡಿಗೆ ಅವರ ಭಾಷೆಯಲ್ಲಿ ಜಾಬ್ ಎಂದು ಹೆಸರು. ಜಾಬ್ ತಂದುಕೊಟ್ಟರೆ ಅಪ್ಪ ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆರಳು ಎಳೆದು, ಇಲ್ಲಿ ಹೊಟ್ಟೆ ಬಂದಿದೆ, ಇಲ್ಲಿ ಗುಳಿ ಬಿದ್ದಿದೆ ಎನ್ನುತ್ತಾನೆ. ಆಮೇಲೆ ಅಳತೆಯ ಸಲಕರಣೆ ಇಟ್ಟು ನೋಡಿದರೆ ಅದೂ ಅವನ ಮಾತಿಗೆ ಹೂಂಗುಟ್ಟುತ್ತದೆ. ಶಾಲೆಯಲ್ಲಿ ಅವನನ್ನು ಎಲ್ಲರೂ ಅರದ ಮೇಷ್ಟ್ರು ಎಂದೇ ಕರೆಯುವುದು.

ಹೋದ ವರ್ಷ ವರ್ಕ್‌ಶಾಪಿಗೆ ಹೊಸ ಯಂತ್ರಗಳು ಬಂದವು. ಬೆಂಚುಗಳಲ್ಲಿ ಅರ್ಧಕ್ಕರ್ಧ ಗೋದಾಮು ಸೇರಿದವು. ಕೈಯಲ್ಲಿ ಅರ ಉಜ್ಜುವ ಪಾಠ ಇನ್ನು ಶಾಲೆಯೊಳಗೆ ಬೇಡ, ದೂರದ ಊರುಗಳಲ್ಲಿ ಸಣ್ಣಪುಟ್ಟ ರಿಪೇರಿ ಅಂಗಡಿ ಇಟ್ಟುಕೊಂಡವರಿಗೆ ಆನ್‌ಲೈನಿನಲ್ಲಿ ಕಲಿಸಿ ಎಂದು ಪ್ರಿನ್ಸಿಪಾಲರು ಹೇಳಿದರು. ಈಜು ಕಲಿಸೋಕೆ ಯಾರಾದರೂ ಕಾಗದ ಬರೀತಾರಾ ಎಂದು ಅಪ್ಪ ಕೇಳಿದನಂತೆ. ನೀವು ಒಲ್ಲೆ ಅಂದರೆ ಆ ಪಾಠವನ್ನೇ ಕೈಬಿಡುತ್ತೇವೆ ಎಂದರಂತೆ ಅವರು. ಅಪ್ಪ ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ನನ್ನ ಮುಂದೆ ನಿಂತು, ಆ ಕಂಪ್ಯೂಟರ್ ಎಲ್ಲಿಂದ ಶುರುವಾಗುತ್ತೆ ತೋರಿಸು ಎಂದ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ತಾಳ್ಮೆ ನನ್ನ ಕಸುಬು. ಆದರೂ ಅವನಿಗೆ ಕಲಿಸಿದ ಆ ಹತ್ತು ದಿನ ನನ್ನ ತಾಳ್ಮೆಯ ತಳ ಕಂಡಿತು. ಕಬ್ಬಿಣವನ್ನು ಹಣ್ಣಿನಂತೆ ಸುಲಿಯುವ ಮನುಷ್ಯನಿಗೆ ಕಂಪ್ಯೂಟರ್ ಕಬ್ಬಿಣದ ಕಡಲೆಯಾಯಿತು. ಮೌಸನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಟ್ಟು ತಳ್ಳುತ್ತಿದ್ದ. ಪರದೆಯ ಮೇಲೆ ತನ್ನದೇ ಮುಖ ಕಂಡು, ಮೀಸೆ ಒಂದು ಕಡೆ ಇಳಿದಿದೆಯಲ್ಲ, ಇಷ್ಟು ವರ್ಷ ಯಾರೂ ಹೇಳಲಿಲ್ಲ ಎಂದು ನನ್ನ ಮೇಲೇ ಸಿಟ್ಟಾದ. ಊಟದ ಮೇಜಿನ ತುದಿಗೆ ಕಬ್ಬಿಣ ಹಿಡಿಯುವ ವೈಸ್ ಬಿಗಿದಾಗ ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅದರ ಕೆಳಗೆ ತಾನೇ ಹಳೆಯ ಹೊದಿಕೆ ಮಡಿಸಿ ಹಾಕಿದಳು.

ಮೊದಲ ತರಗತಿಯಲ್ಲಿ ಮೂವತ್ತನಾಲ್ಕು ಜನ ಸೇರಿದ್ದರು. ಬೀಗ ರಿಪೇರಿಯವರು, ಸೈಕಲ್ ಅಂಗಡಿಯವರು, ಪಂಪು ಬಿಚ್ಚಿ ಜೋಡಿಸುವವರು. ಅಪ್ಪ ಅರ ಹಿಡಿದು ಉಜ್ಜಿದ, ಸದ್ದು ಕೇಳಿ, ಸದ್ದಿನಲ್ಲೇ ಎಲ್ಲ ಇದೆ ಎಂದ. ಅತ್ತ ಯಾರಿಗೂ ಏನೂ ಕೇಳಲಿಲ್ಲ. ಆ ತಂತ್ರಾಂಶ ಮಾತನ್ನು ಮಾತ್ರ ದಾಟಿಸಿ ಅರದ ಸದ್ದನ್ನು ಗದ್ದಲವೆಂದು ಒರೆಸಿ ಹಾಕುತ್ತಿತ್ತು. ಅದನ್ನು ಸರಿಪಡಿಸುವ ಗುಂಡಿ ನನಗೆ ಸಿಕ್ಕಿದ್ದು ನಾಲ್ಕು ದಿನದ ಮೇಲೆ. ಮೂವತ್ತೊಂದು ವರ್ಷ ತಾನು ಸಂಗೀತವೆಂದುಕೊಂಡದ್ದು ಗದ್ದಲವೆಂದು ತೀರ್ಮಾನಿಸಿದವನು ಯಾರು ಎಂದು ಅಪ್ಪ ವಾರವಿಡೀ ಕೇಳಿದ.

ಸದ್ದು ಬಂತು, ಮುಖಗಳು ಬರಲಿಲ್ಲ. ಹೆಚ್ಚಿನವರು ಕ್ಯಾಮೆರಾ ಆಫ್ ಮಾಡಿಕೊಂಡು ಕೂರುತ್ತಿದ್ದರು. ಕಪ್ಪು ಚೌಕಗಳಿಗೆ ಪಾಠ ಹೇಳಿ ಹೇಳಿ ಅಪ್ಪನ ದನಿ ಸಣ್ಣಗಾಯಿತು. ಒಂದು ಸಂಜೆ ಪಂಪಿನವನೊಬ್ಬ ತನ್ನ ಜಾಬನ್ನು ಕ್ಯಾಮೆರಾಕ್ಕೆ ಹಿಡಿದು, ಹೇಗಿದೆ ಸರ್ ಎಂದ. ಅಪ್ಪ ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಪರದೆಯ ಮೇಲೆ ಹೆಬ್ಬೆರಳು ಎಳೆದ. ಪರದೆ ಎಂದಿನಂತೆ ನುಣ್ಣಗಿತ್ತು. ನಾನು ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋದೆ.

ಆ ದಿನ ಅಪ್ಪ ಬಾಯಿಬಿಟ್ಟು ಹೇಳಿದ, ತನಗೆ ಆ ವರ್ಕ್‌ಶಾಪು ಬೇಕು ಎಂದು. ಎಣ್ಣೆಯ ವಾಸನೆ ಬೇಕು, ಇಪ್ಪತ್ತು ಅರಗಳ ಕಿರಿಕಿರಿ ಬೇಕು. ಅವನು ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದವನು ಪಕ್ಕದ ಬೆಂಚಿನ ಮನುಷ್ಯ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ.

ಆ ಮನುಷ್ಯನನ್ನು ನಾನು ಚಾಕ್‌ಪೀಸ್ ಮಾಮ ಎನ್ನುತ್ತಿದ್ದೆ. ಅಪ್ಪನ ಜೊತೆ ಹತ್ತೊಂಬತ್ತು ವರ್ಷ ಪಾಠ ಹೇಳಿದ ಇನ್ನೊಬ್ಬ ಫಿಟ್ಟರ್ ಮೇಷ್ಟ್ರು. ಅರದ ಹಲ್ಲಿಗೆ ಕಬ್ಬಿಣ ಕಚ್ಚಿಕೊಳ್ಳದಿರಲೆಂದು ಸದಾ ಸೀಮೆಸುಣ್ಣ ತಿಕ್ಕುತ್ತಿದ್ದರಿಂದ ಅವನ ಜೇಬು ಯಾವಾಗಲೂ ಬೆಳ್ಳಗಿರುತ್ತಿತ್ತು. ಜಾಬ್ ಮುಗಿದ ಮೇಲೆ ಅವನು ಅದರ ನಾಲ್ಕೂ ಅಂಚುಗಳಿಗೆ ಅರವನ್ನು ಒಮ್ಮೆ ಹಗುರವಾಗಿ ಸೋಕಿಸುತ್ತಿದ್ದ, ಮುಟ್ಟಿದವರ ಕೈ ಕೊಯ್ಯಬಾರದೆಂದು. ಅಳತೆ ಹಾಳು ಮಾಡ್ತೀಯ ಎಂದು ಅಪ್ಪ. ಕೈಗಿಂತ ಅಳತೆ ದೊಡ್ಡದಾ ಎಂದು ಮಾಮ. ಇಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ. ಹಾಗಿದ್ದರೂ ಊಟದ ಡಬ್ಬಿ ಮಾತ್ರ ಒಟ್ಟಿಗೇ ಬಿಚ್ಚುತ್ತಿದ್ದರು.

ಮಾಮನ ಮಗನೂ ಅದೇ ಶಾಲೆಯಲ್ಲಿ ಕಲಿತ. ಕೊನೆಯ ಪರೀಕ್ಷೆಯ ದಿನ ಅಳೆಯುವ ಪಾಳಿ ಅಪ್ಪನದು. ಹುಡುಗನ ಜಾಬ್ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ಸವೆದಿತ್ತು. ಮಾಮ ತನ್ನ ಬೆಂಚಿನ ಹತ್ತಿರ ನಿಂತು ಅಪ್ಪನನ್ನೇ ನೋಡುತ್ತಿದ್ದ. ಅಪ್ಪ ಅಳೆದ. ಎಲ್ಲರೆದುರು ಇನ್ನೊಂದು ಸಲ ಅಳೆದ. ಅಂಕಿಯನ್ನು ಗಟ್ಟಿಯಾಗಿ ಓದಿ ಫೇಲು ಎಂದು ಬರೆದ. ಹುಡುಗ ಆ ಕಸುಬನ್ನೇ ಬಿಟ್ಟು ಹೋದ. ಮಾಮ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಮನೆ ಖಾಲಿ ಮಾಡಿದ. ಹೊರಡುವ ದಿನ ಸಾಮಾನಿನ ಗಾಡಿ ನಮ್ಮ ಬೀದಿಯಲ್ಲೇ ಹಾದುಹೋಯಿತು. ಅಪ್ಪ ಕಿಟಕಿಯ ಹತ್ತಿರ ನಿಂತಿದ್ದ, ಹೊರಗೆ ಹೋಗಲಿಲ್ಲ. ಅದಾಗಿ ಹನ್ನೊಂದು ವರ್ಷ.

ಅಳತೆ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ ಎಂದು ಅಪ್ಪ ಒಮ್ಮೆ ನನಗೆ ಹೇಳಿದ್ದ. ಆದರೆ ಎರಡನೇ ಸಲ ಅಳೆಯೋ ಅಗತ್ಯ ಇರಲಿಲ್ಲ, ಆಮೇಲೆ ಅವನ ಮನೆಗೆ ಹೋಗಬಹುದಿತ್ತು ಎಂದೂ ಹೇಳಿದ್ದ. ಅಪ್ಪ ತಾನು ತಪ್ಪಿದೆನೆಂದು ಒಪ್ಪಿಕೊಂಡದ್ದು ನಾನು ಕಂಡಂತೆ ಅದೊಂದೇ ಸಲ.

ಇನ್ನು ತರಗತಿಯ ಕಥೆ. ಪರದೆಯನ್ನು ತಡವಿದ ಮಾರನೆಯ ಸಂಜೆ ಅಪ್ಪ ಒಂದು ಹೊಸ ಕಟ್ಟಳೆ ಹಾಕಿದ: ಎಲ್ಲರೂ ಜಾಬನ್ನು ಅಂಚೆಯಲ್ಲಿ ಕಳಿಸಬೇಕು, ತಾನು ಮುಟ್ಟಿ ನೋಡಿ ತರಗತಿಯಲ್ಲಿ ಹೇಳುತ್ತೇನೆ ಎಂದು. ಆನ್‌ಲೈನ್ ಪಾಠಕ್ಕೆ ಕಬ್ಬಿಣ ಅಂಚೆಯಲ್ಲಿ ಬರುವುದೇ ಎಂದು ನಾನು ನಕ್ಕೆ. ವಾರದೊಳಗೆ ಮನೆಬಾಗಿಲಿಗೆ ಪೊಟ್ಟಣಗಳ ಸಾಲು ಬಂತು. ಅಂಚೆಯವನು ಚೀಲ ಇಳಿಸುವಾಗ ಸೊಂಟ ಹಿಡಿದುಕೊಂಡು, ಮೇಷ್ಟ್ರೇ, ನಿಮ್ಮ ಶಿಷ್ಯರಿಗೆ ಹತ್ತಿಯಲ್ಲಿ ಏನಾದರೂ ಕಲಿಸಬಾರದಾ ಎಂದ. ಪೊಟ್ಟಣ ಬಿಚ್ಚುವ ಕೆಲಸ ನನ್ನದು, ಅಂಚು ತಗುಲಿ ನನ್ನ ಬೆರಳೆಲ್ಲ ಗೀರು. ಆದರೆ ತರಗತಿಗೆ ಜೀವ ಬಂತು. ನೀವು ಎಡಗಾಲು ಮುಂದಿಡದೆ ನಿಲ್ತೀರಿ ಅಲ್ವಾ ಎಂದು ಅಪ್ಪ ಜಾಬ್ ಸವರಿ ಹೇಳಿದರೆ, ಅತ್ತ ಸೈಕಲ್ ಅಂಗಡಿಯವನು ಬೆಚ್ಚಿ ಕ್ಯಾಮೆರಾ ಹಾಕುತ್ತಿದ್ದ. ಒಬ್ಬೊಬ್ಬರದೇ ಮುಖ ಬೆಳಗತೊಡಗಿತು.

ಒಂದೇ ಒಂದು ಚೌಕ ಕಪ್ಪಾಗಿಯೇ ಉಳಿಯಿತು. ಅದು ಬೀಗ ರಿಪೇರಿ ಮಾಡುವ ಹೆಂಗಸಿನದು. ತರಗತಿಯಲ್ಲಿ ಎಲ್ಲರೂ ಆಕೆಯನ್ನು ಬೀಗದಕ್ಕ ಎನ್ನುತ್ತಿದ್ದರು. ಆಕೆಯ ಪೊಟ್ಟಣ ಎಲ್ಲರಿಗಿಂತ ತಡವಾಗಿ ಬಂತು. ನಾನು ಬಿಚ್ಚಿ ಕೊಟ್ಟೆ, ಬೆರಳು ಕೊಯ್ಯಲಿಲ್ಲ. ಅಪ್ಪ ಕಣ್ಣು ಮುಚ್ಚಿ ಹೆಬ್ಬೆರಳನ್ನು ನಡುವೆ ಎಳೆದ, ಅಲ್ಲಿಂದ ಅಂಚಿಗೆ ತಂದ. ಅಲ್ಲಿಯೇ ನಿಂತ. ನಾಲ್ಕೂ ಅಂಚು ಸುತ್ತಿದ. ಆಮೇಲೆ ಜಾಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಗೀರುಗಳ ಸಂದಿನಲ್ಲಿ ಸುಣ್ಣದ ಬಿಳಿ ಇತ್ತು. ಅಪ್ಪ ಕುರ್ಚಿಗೆ ಕೈಯಿಟ್ಟು ನಿಧಾನವಾಗಿ ಕೂತ.

ಅವತ್ತು ಪಾಠ ಮುಗಿದ ಮೇಲೆ ಬೀಗದಕ್ಕನನ್ನು ಒಬ್ಬಳನ್ನೇ ಉಳಿಸಿಕೊಂಡು, ಈ ಅಂಚು ಯಾರು ತೆಗೆದದ್ದು ಎಂದು ಕೇಳಿದ. ಆಕೆ ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಹೇಳಿದಳು. ಕೊನೆಗೆ ನಿಜ ಬಂತು. ಆಕೆ ಬಾಡಿಗೆಗಿರುವುದು ಮಾಮನ ಮನೆಯ ಮೇಲಿನ ಕೋಣೆಯಲ್ಲಿ. ನಿವೃತ್ತನಾದ ಮೇಲೆ ಮಾಮ ಆ ಊರಿಗೆ ಬಂದು ನೆಲೆಸಿದ್ದ. ಈ ಕೋರ್ಸಿನ ಸುದ್ದಿ ತಂದು ಆಕೆಯನ್ನು ಸೇರಿಸಿದವನೂ ಅವನೇ. ಮೊದಲ ದಿನದಿಂದ ಪ್ರತಿ ತರಗತಿಗೂ ಆಕೆಯ ಪಕ್ಕ ಬಂದು ಕೂರುತ್ತಾನೆ, ಅದಕ್ಕೇ ಕ್ಯಾಮೆರಾ ಹಾಕಗೊಡುವುದಿಲ್ಲ.

"ಹೇಳಬೇಡ ಅಂದಿದ್ರು ಸರ್," ಎಂದಳು ಆಕೆ. "ನೀವು ಪಾಠ ಹೇಳೋವಾಗ ಅಲ್ಲಾಡದೆ ಕೂತಿರ್ತಾರೆ. ಯಾರದಾದ್ರೂ ಜಾಬ್ ಅಳೆಯೋಕೆ ತಗೊಂಡ್ರೆ ಮಾತ್ರ ಎದ್ದು ಆಚೆ ಹೋಗಿ ನಿಂತ್ಕೋತಾರೆ. ನೀವು ಅಂಕಿ ಓದಿ ಮುಗಿಸಿದ ಮೇಲೆ ಒಳಗೆ ಬರ್ತಾರೆ."

ಅಪ್ಪ ಮೂರು ಕಾಗದ ಬರೆದ, ಮೂರನ್ನೂ ಹರಿದ. ಆಮೇಲೆ ತನಗೆ ಬರುವ ಭಾಷೆಯಲ್ಲೇ ಬರೆದ. ಫಿಟ್ಟರ್ ಕೆಲಸದಲ್ಲಿ ಜೋಡಿ ಜಾಬ್ ಎಂದು ಒಂದಿದೆ. ಒಂದು ತುಂಡಿನಲ್ಲಿ ನಾಲಗೆಯಂಥ ಚಾಚು, ಇನ್ನೊಂದರಲ್ಲಿ ಅದು ಕೂರುವ ಕಚ್ಚು. ಎರಡನ್ನೂ ಸೇರಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಅಪ್ಪ ಮೂರು ದಿನ ಕೂತು ಕಚ್ಚಿನ ತುಂಡು ಮಾಡಿದ. ಮುಗಿದ ಮೇಲೆ ಸ್ವಲ್ಪ ಹೊತ್ತು ಅದನ್ನು ನೋಡಿ, ಅಂಚುಗಳಿಗೆಲ್ಲ ಅರವನ್ನು ಒಮ್ಮೆ ಹಗುರವಾಗಿ ಸೋಕಿಸಿದ. ಅದರ ಜೊತೆ, ಚಾಚು ಮಾಡಲೆಂದು, ಅರ ಮುಟ್ಟಿಸದ ಒಂದು ಕಬ್ಬಿಣದ ತುಂಡಿಟ್ಟು ಮಾಮನ ವಿಳಾಸಕ್ಕೆ ಕಳಿಸಿದ. ಒಂದಕ್ಷರ ಬರೆಯಲಿಲ್ಲ.

ಆಮೇಲಿನ ಹದಿನೆಂಟು ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಂಚೆಯವನ ಸೈಕಲ್ಲು ತಿರುವಿನಲ್ಲಿ ಕಾಣುವ ಮೊದಲೇ ಅಪ್ಪ ಗೇಟಿನ ಹತ್ತಿರ. ತರಗತಿಯಲ್ಲಿ ಆ ಕಪ್ಪು ಚೌಕವನ್ನು ನೋಡಿಕೊಂಡೇ ಪಾಠ ಹೇಳುತ್ತಿದ್ದ, ಜೋಕು ಬೇರೆ ಹೇಳುತ್ತಿದ್ದ, ಅದೂ ಹಳೆಯ ವರ್ಕ್‌ಶಾಪಿನವು. ಮೂವತ್ಮೂರು ಜನರಿಗೆ ಅವು ಅರ್ಥವಾಗುತ್ತಿರಲಿಲ್ಲ. ಅಳೆಯುವ ಪಾಠ ಬಂದಾಗ ಅಂಕಿಯನ್ನು ಗಟ್ಟಿಯಾಗಿ ಓದದೆ ಪರದೆಯ ಮೇಲೆ ಬರೆದು ತೋರಿಸಿದ. ಇಷ್ಟು ವಯಸ್ಸಾದ ಮೇಲೆ ಒಬ್ಬ ಮನುಷ್ಯ ಇನ್ನೊಬ್ಬನಿಗಾಗಿ ಹೀಗೆ ಕಾಯುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು. ನಾನು ಯಾರಿಗಾಗಿಯೂ ಹಾಗೆ ಕಾದವಳಲ್ಲ ಎಂದು ಸಣ್ಣ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಹತ್ತೊಂಬತ್ತನೆಯ ದಿನ ಪೊಟ್ಟಣ ಬಂತು. ಕಚ್ಚಿನ ತುಂಡು, ಚಾಚಿನ ತುಂಡು, ಎರಡೂ ಇದ್ದವು. ಅಪ್ಪ ಸೇರಿಸಿ ಬೆಳಕಿಗೆ ಹಿಡಿದ. ಒಂದು ಬದಿಯಲ್ಲಿ ಬೆಳಕು ಢಾಳಾಗಿ ತೂರಿಬಂತು. ಮೊದಲ ವರ್ಷದ ಹುಡುಗ ಮಾಡಿದಂತಿತ್ತು ಆ ಜಾಬ್. ಗೀರುಗಳು ಅಡ್ಡಾದಿಡ್ಡಿ ಓಡಿದ್ದವು. ಜೊತೆಗೊಂದು ಚೀಟಿ, ಅಕ್ಷರವೂ ಹಾಗೇ ಅಡ್ಡಾದಿಡ್ಡಿ: "ಎರಡು ವರ್ಷದಿಂದ ಕೈ ನಡುಗುತ್ತೆ. ಅಂಚು ಬಿಟ್ಟರೆ ಬೇರೇನೂ ಮಾಡಕ್ಕಾಗಲ್ಲ. ಆದ್ರೂ ಮಾಡಿದೀನಿ. ಅಳೆದು ಎಷ್ಟು ತಪ್ಪಿದೆ ಹೇಳು. ಸುಳ್ಳು ಹೇಳಬೇಡ."

ಅಪ್ಪ ಅತ್ತ. ಮರೆಗೆ ಹೋಗಲಿಲ್ಲ, ಮೇಜಿನ ಮುಂದೆಯೇ, ವೈಸಿನ ಹಿಡಿಯ ಮೇಲೆ ಹಣೆಯಿಟ್ಟು ಅತ್ತ. ಅಮ್ಮ ಬಂದು ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಸಂಜೆ ಆರಕ್ಕೆ ತರಗತಿ. ಅಪ್ಪ ಒಂದೊಂದೇ ಜಾಬ್ ಎತ್ತಿ ಮಾತಾಡಿದ. ಎಲ್ಲರದೂ ಮುಗಿದ ಮೇಲೆ ಮಾಮನ ಜೋಡಿಯನ್ನು ಕ್ಯಾಮೆರಾದ ಮುಂದೆ ಇಟ್ಟು ಅಳತೆಯ ಸಲಕರಣೆ ತೆಗೆದ. ನಾನು ಪಕ್ಕದಲ್ಲಿ ಕೂತು, ಏನೋ ಒಂದು ಹೇಳಿ ಪಾಸು ಮಾಡಿಬಿಡು ಅಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವನು ಒಂದೇ ಸಲ ಅಳೆದ. ಬೀಗದಕ್ಕನ ಕಪ್ಪು ಚೌಕವನ್ನು ನೋಡಿದ.

"ಅರ್ಧ ಮಿಲಿಮೀಟರ್ ತಪ್ಪಿದೆ ಕಣೋ," ಎಂದ. "ಇದನ್ನ ಪಾಸ್ ಮಾಡಕ್ಕಾಗಲ್ಲ."

ಬೀಗದಕ್ಕನಿಗೆ ಮೇಷ್ಟ್ರು ಕಣೋ ಅಂದದ್ದು ಕೇಳಿ ಪರದೆಯ ತುಂಬ ಮುಖಗಳು ಒಂದನ್ನೊಂದು ನೋಡುವಂತೆ ಅತ್ತಿತ್ತ ತಿರುಗಿದವು. ಅಪ್ಪ ಅದನ್ನು ಗಮನಿಸಲಿಲ್ಲ.

"ಅಂಚೆಯಲ್ಲಿ ಆಗೋ ಕೆಲಸ ಅಲ್ಲ ಇದು. ತಗೊಂಡು ಬಾ. ನೀನು ಹಿಡ್ಕೋ, ನಾನು ಉಜ್ತೀನಿ."

ಆ ಚೌಕದಲ್ಲಿ ಮೈಕು ತೆರೆದ ಗುರುತು ಮೂಡಿತು. ಮೊದಲು ಯಾರೋ ಗಂಟಲು ಸರಿಪಡಿಸಿಕೊಂಡ ಸದ್ದು. ಆಮೇಲೆ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಕೇಳದಿದ್ದ ದನಿ.

"ನಂಗೀಗ ಕಣ್ಣೂ ಅಷ್ಟಕ್ಕಷ್ಟೇ. ಬಸ್ ಸ್ಟ್ಯಾಂಡಿಗೆ ಬರ್ತೀಯಾ? ಈ ಸಲನಾದ್ರೂ ಬರ್ತೀಯಾ?"

ಅಪ್ಪನ ತುಟಿ ಅಲುಗಿತು. ಮೂವತ್ತನಾಲ್ಕು ಚೌಕಗಳು ಕಾದವು. ತುಸು ಹೊತ್ತು ನೋಡಿ ಸೈಕಲ್ ಅಂಗಡಿಯವನು ಮರ್ಯಾದೆಯಿಂದಲೇ ಹೇಳಿದ, ಸರ್, ನಿಮ್ಮ ಧ್ವನಿ ಕೇಳಿಸ್ತಿಲ್ಲ, ಮೈಕ್ ಆನ್ ಮಾಡಿ ಎಂದು. ನಾನು ಬಗ್ಗಿ ನೋಡಿದೆ. ಮೈಕು ಆನ್ ಆಗಿಯೇ ಇತ್ತು.