ಮಳೆ ಪುಸ್ತಕಕ್ಕೊಂದು ಗೋಡೆ

ಕಂಪ್ಯೂಟರಿನ ಹೊಸ ಡಿಸ್ಕಿನ ಕವರ್ ಬಿಚ್ಚಿದಾಗ ಬರುವ ವಾಸನೆಗೆ ನಾನು ಇವತ್ತಿಗೂ ತಲೆ ತಗ್ಗಿಸುತ್ತೇನೆ. ಆದರೆ ಮನೆಯಲ್ಲಿ ಲಿನಕ್ಸ್ ಸರ್ವರ್ ಇಡುವ ನಿಮಗೆ, ಎಸ್ಸೆಸ್ಸೆಲ್ಸಿ ಓದಿದ ನಾನು ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಸಿಸ್ಟಮ್‌ಗೆ, ಅಂದರೆ ಯಂತ್ರ ನಡೆಸುವ ಲಿನಕ್ಸಿಗೆ, ಡಿಸ್ಕಿನ ಒಂದು ಭಾಗ ಕೊಡಿ, ನಿಮ್ಮ ಫೈಲುಗಳಿಗೆ ಬೇರೆಯದೇ ಭಾಗ ಕೊಡಿ. ಸಿಸ್ಟಮ್ ಕೆಟ್ಟರೆ ಅದೊಂದನ್ನೇ ಅಳಿಸಿ ಮತ್ತೆ ಹಾಕಬಹುದು. ಈ ಧೈರ್ಯ ಓದಿ ಬಂದದ್ದಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ದೋಣಿಗಲ್ ಹತ್ತಿರದ ನಮ್ಮ ಕಾಫಿ ತೋಟಕ್ಕೆ ಹಳೆಯ ಕಂಪ್ಯೂಟರೊಂದು ಬಂತು. ನನ್ನ ಮನೆಗೂ ಪಕ್ಕದ ಅತ್ತಿಗೆಯ ಮನೆಗೂ ವೈರ್ ಎಳೆದು ಅದನ್ನು ಎರಡೂ ಮನೆಯ ಫೈಲು ಇಡುವ ಸರ್ವರ್ ಮಾಡುವ ಹುಮ್ಮಸ್ಸು ನನ್ನದು. ತೀರಿಹೋದ ಅಣ್ಣ ದಿನಾ ಬೆಳಿಗ್ಗೆ ಮಳೆ ಅಳೆದು, ಇಂಚು ಮತ್ತು ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಬರೆದಿಟ್ಟಿದ್ದ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಮುಟ್ಟಿದರೆ ಪುಡಿಯಾಗುತ್ತಿದ್ದ ಹಾಳೆಗಳನ್ನು ಬಿಡಿಸಿ ಬಿಡಿಸಿ, ಅತ್ತಿಗೆ ಒಂದೇ ಬೆರಳಲ್ಲಿ ಅಷ್ಟನ್ನೂ ಆ ಸರ್ವರಿಗೆ ಟೈಪ್ ಮಾಡಿದರು.

ಡಿಸ್ಕನ್ನು ಎರಡು ಭಾಗ ಮಾಡೋಣವೆಂದು ಬಾಳ್ಳುಪೇಟೆಯ ಕಂಪ್ಯೂಟರ್ ರಿಪೇರಿಯವನು ಮೊದಲೇ ಹೇಳಿದ್ದ. "ಅಂಗೈಯಷ್ಟು ಡಿಸ್ಕಿಗೆ ಗೋಡೆ ಬೇರೆ ಕೇಡು ಕಣೋ ಮಾರಾಯ," ಎಂದು ಅತ್ತಿಗೆಯೆದುರು ಅವನ ಬಾಯಿ ಮುಚ್ಚಿಸಿದ್ದೆ. ತೋಟದ ಸ್ಟೋರಿನಲ್ಲಿ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿಗೂ ಸಿಪ್ಪೆಸಮೇತ ಒಣಗಿಸಿದ ಚೆರ್ರಿಗೂ ನಡುವೆ ಹಲಗೆ ಅಡ್ಡವಿಲ್ಲದಿದ್ದರೆ ಕೂಲಿಯವರ ಲೈನ್‌ಮನೆಗಳಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದವನೂ ನಾನೇ.

ಒಂದು ಮಧ್ಯಾಹ್ನ ಗುಡುಗಿ, ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಏಳಲಿಲ್ಲ. ಯಾರನ್ನೂ ಕೇಳದೆ ಸಿ.ಡಿ. ಹಾಕಿ ಲಿನಕ್ಸನ್ನು ಹೊಸದಾಗಿ ಕೂರಿಸಿದೆ. ಎಲ್ಲ ಅಳಿಸಲೇ ಎಂದು ಅದು ಕೇಳಿತು. ಹೂಂ ಅಂದೆ. ಇದ್ದದ್ದು ಒಂದೇ ಭಾಗ. ಅಣ್ಣನ ಅಷ್ಟೂ ವರ್ಷಗಳ ಮಳೆ ಹೋಯಿತು. ಹಳೆಯ ಪುಸ್ತಕಗಳೂ ಅಷ್ಟರಲ್ಲಿ ಪುಡಿಯಾಗಿದ್ದವು.

ಸಿಡಿಲು ಹೊಡೆಯಿತೆಂದು ಅತ್ತಿಗೆಗೆ ಸುಳ್ಳು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. "ಗುಡುಗಿದಾಗ ನಾನೇ ಪ್ಲಗ್ ಕೀಳ್ಲಿಲ್ಲ ಕಣಪ್ಪ," ಅಂದರು. ಮರುದಿನದಿಂದ ತಾವೇ ಮಳೆ ಅಳೆದು ಹೊಸ ಪುಸ್ತಕದಲ್ಲಿ ಬರೆಯತೊಡಗಿದರು. ಬಿಸಿಲೆ ಘಾಟಿಯ ಕಡೆ ಮೋಡ ಕಂಡರೆ ಸಾಕು, ಎರಡೂ ಮನೆಯ ಪ್ಲಗ್ ಕೀಳುತ್ತಾ ಓಡಾಡುತ್ತಿದ್ದರು. ಇಷ್ಟು ವರ್ಷ ನಾನು ಅದನ್ನು ಕೂತು ನೋಡಿದೆ.

ಇವತ್ತೂ ಮೋಡ ಕವಿಯಿತು. ಹೊಸ ಡಿಸ್ಕನ್ನು ಭಾಗ ಮಾಡುತ್ತಿದ್ದೆ. ಅತ್ತಿಗೆ ಬಂದು ಪ್ಲಗ್ಗಿಗೆ ಕೈ ಚಾಚಿದರು. ಒಂದು ನಿಮಿಷ ಕೂರಿ ಎಂದು, ನಡೆದದ್ದೆಲ್ಲ ಹೇಳಿದೆ. ಅವರು ಸೆರಗಿನ ತುದಿಯನ್ನು ಮಡಚಿದರು, ಬಿಡಿಸಿದರು.

"ಹಂಗಾದ್ರೆ ಸಿಡ್ಲು ನೀನೇ ಅನ್ನು."

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. "ನನ್ನ ಪುಸ್ತಕಗಳಿಗೆ ಜಾಗ ಎಲ್ಲೈತೆ, ತೋರ್ಸು."

ತೋರಿಸಿದೆ. ಸಾಲದು ಅಂದರು. ಗೋಡೆಯನ್ನು ಇನ್ನಷ್ಟು ಸರಿಸಿ, ಕೆಲಸ ಮುಗಿಸಿ, ಯಂತ್ರ ಆರಿಸಿದೆ. ಗುಡುಗಿತು. ಅತ್ತಿಗೆ ಏಳಹೊರಟರು. ಕೂತಿರಿ ಎಂದು, ಎರಡೂ ಮನೆಯ ಪ್ಲಗ್ ಕೀಳಲು ನಾನೇ ಎದ್ದೆ.